ಬ್ಯಾಣಕ್ಕೆ ಎಮ್ಮೆ ಬಿಟ್ಟವರು

ಕವಲೇದುರ್ಗದ ಕೆಳಗೆ, ನಮ್ಮ ಪಕ್ಕದ ಮನೆಯವರು ಜರ್ಸಿ ದನ ಮಾರಿ ಎಮ್ಮೆ ತಂದರು. ಕಳೆ ಮುಚ್ಚಿದ ಬ್ಯಾಣದಲ್ಲಿ, ಅಂದರೆ ಮನೆತನದ ಹುಲ್ಲುಗುಡ್ಡದಲ್ಲಿ, ಎಮ್ಮೆ ಮೇಯಿಸಿಯೇ ಮತ್ತೆ ಹುಲ್ಲು ತರುತ್ತೇನೆಂಬುದು ಅವರ ಹಟ. ದೀಪಾವಳಿಯೊಳಗೆ ಹುಲ್ಲು ಬಾರದಿದ್ದರೆ ಅಲ್ಲಿ ಅಕೇಶಿಯಾ ನೆಡುವುದೆಂದು ಅವರ ಅಣ್ಣ ಗಡುವು ಕೊಟ್ಟಿದ್ದರು. ನಾನು ಅಣ್ಣನ ಪಕ್ಷ.

“ದನ ತಿನ್ನೋದೂ ಹುಲ್ಲೇ, ಎಮ್ಮೆ ತಿನ್ನೋದೂ ಹುಲ್ಲೇ. ವ್ಯತ್ಯಾಸ ಎಂತದು?” ಎಂದೆ.

“ಜರ್ಸಿ ಕೊಟ್ಟಿಗೇಲಿ ಹಿಂಡಿ ಕಾಯುತ್ತೆ ಮಾರಾಯ. ಎಮ್ಮೆ ಕಳೆ ತುಳ್ಕಂಡು ಗುಡ್ಡ ಹತ್ತುತ್ತೆ, ಕಳೆ ಸತ್ತಲ್ಲಿ ಹುಲ್ಲು ಏಳುತ್ತೆ.” ಎಮ್ಮೆಯ ಬೆನ್ನು ತಟ್ಟದೆ ಅವರು ಮಾತು ಮುಗಿಸುತ್ತಿರಲಿಲ್ಲ. ನಾನು ಬಿಡದಿದ್ದರೆ, “ಇದ್ರ ಹತ್ರಾನೇ ಕೇಳು” ಅನ್ನುತ್ತಿದ್ದರು.

ದೀಪಾವಳಿಯ ಮರುದಿನ ಅಣ್ಣ ಜಾಗ ಅಳೆಯಲು ಹಗ್ಗ ಹಿಡಿದು ಬಂದರು. ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಅದು ಎಮ್ಮೆಯದಲ್ಲ, ಮಳೆಯ ಪ್ರತಾಪ ಎಂದು ನಾನು ವಾದ ಶುರುಮಾಡಿದೆ. ಅಣ್ಣ ಹಗ್ಗವನ್ನು ನೆಲಕ್ಕೆ ಹಾಸಿ ತಮ್ಮನತ್ತ ಕೈ ಚಾಚಿದರು: “ಕತ್ತಿ ಕೊಡು. ನಮ್ಮನೆ ದನಕ್ಕೂ ಒಂದು ಹೊರೆ ಕೊಯ್ಕಂಡು ಹೋಗ್ತೀನಿ.”