ಚಟ್ನಿಯ ಪೊರೆ

ಅಮೆರಿಕದ ಪ್ಲೇನೋ ಊರಿನ ಶಕುಂತಲಾ ಆಂಟಿ ಜಿರಳೆ ಕಂಡರೂ ಕುರ್ಚಿ ಹತ್ತುವ ಹೆಂಗಸು. ಅಂಥವರ ಮನೆಗೆ ಮಗಳು ಇಶಾ, ಆಸ್ಟಿನ್ನಿನಲ್ಲಿ ಓದುವಾಗ ಸಾಕಿಕೊಂಡಿದ್ದ ಹೆಬ್ಬಾವನ್ನೇ ತಂದಿಟ್ಟಳು ನೋಡಿ! ಎರಡು ಮೊಳದ, ಕಂದು ಬಣ್ಣದ, ಯಾರ ತಂಟೆಗೂ ಹೋಗದ ಪ್ರಾಣಿ. ಹೆಸರು ಚಟ್ನಿ.

ಚಟ್ನಿಯ ಮೈ ಕಂದಾದರೂ ಒಳಗೆ ಬಿಳಿ-ಹಳದಿ ಬಣ್ಣದ ಗುಣ ಅಡಗಿದೆ, ಜೋಡಿ ಸರಿಬಿದ್ದರೆ ಮರಿಗಳಲ್ಲಿ ಅದು ಕಾಣುತ್ತದೆ ಎಂದು ಇಶಾಳ ಹಠ. ಕಳಚಿದ ಪೊರೆಯ ಒಂದು ತುಂಡನ್ನು ಲ್ಯಾಬಿಗೆ ಕಳಿಸಿದರೆ ಡಿಎನ್‌ಎ ಟೆಸ್ಟ್ ಮಾಡಿ ಹೌದೋ ಅಲ್ಲವೋ ಹೇಳುತ್ತಾರೆ.

"ಬೆಟ್, ಅಮ್ಮಾ? ಯೆಸ್ ಅಂತ ಬಂದ್ರೆ ನೀನು ಚಟ್ನೀನ ಎತ್ಕೋಬೇಕು."

"ಹೋಗೇ, ಸತ್ತರೂ ಮುಟ್ಟಲ್ಲ!" ಎಂದಿದ್ದರು ಆಂಟಿ. ಆ ಮಾತು ನೆನೆದರೆ ಈಗಲೂ ತುಟಿ ಕಚ್ಚಿಕೊಳ್ಳುತ್ತಾರೆ.

ಅಷ್ಟರಲ್ಲಿ ಇಶಾಳಿಗೆ ರಕ್ತದ ಕ್ಯಾನ್ಸರ್ ಎಂದಾಯಿತು. ಅಪ್ಪ ಅಮ್ಮ ಇಬ್ಬರೂ ಹ್ಯೂಸ್ಟನ್ನಿನ ಆಸ್ಪತ್ರೆಯಲ್ಲೇ ಬೀಡುಬಿಟ್ಟರು. ಚಟ್ನಿಗೆ ನೀರಿಡಲು ಆಂಟಿ ಆಗಾಗ ಮನೆಗೆ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಒಮ್ಮೆ ಬಂದು ನೋಡಿದರೆ ಗಾಜಿನ ಪೆಟ್ಟಿಗೆಯಲ್ಲಿ ಇಡೀ ಪೊರೆ ಕಳಚಿ ಬಿದ್ದಿದೆ! ಅಂದು ನಾಗರ ಪಂಚಮಿ ಬೇರೆ. ಹೆತ್ತ ಕರುಳು ಸುಮ್ಮನಿದ್ದೀತೇ? ಇಕ್ಕಳದಲ್ಲಿ ಪೊರೆಯನ್ನೆತ್ತಿ ಬೆಳ್ಳಿ ತಟ್ಟೆಯಲ್ಲಿಟ್ಟರು. ಹಾಲೆರೆದರು, ಅರಿಶಿನ ಕುಂಕುಮ ಹಚ್ಚಿದರು, "ನನ್ನ ಮಗಳನ್ನ ಉಳಿಸಪ್ಪಾ" ಎಂದು ಅತ್ತರು. ಆಮೇಲೆ ತೊಳೆದು, ಒಣಗಿಸಿ, ಒಂದು ತುಂಡನ್ನು ಲ್ಯಾಬಿಗೆ ಕಳಿಸಿದರು. ದೇವರಿಗೂ ಆಯಿತು, ಮಗಳಿಗೂ ಆಯಿತು ಅಂದುಕೊಂಡರು, ಪಾಪ.

ಇಶಾ ಕಣ್ಣು ಬಿಟ್ಟಾಗಲೆಲ್ಲ ಕೇಳುತ್ತಿದ್ದಳು: "ರಿಸಲ್ಟ್ ಬಂತಾ?"

ಬಂತು. ಪೊರೆಗೆ ಏನೇನೋ ಬೆರೆತಿದೆ, ಟೆಸ್ಟ್ ಆಗುತ್ತಿಲ್ಲ, ಶುಚಿಯಾದ ಇನ್ನೊಂದು ಕಳಿಸಿ ಎಂದಿದ್ದರು. ಆಂಟಿ ಹಾಸಿಗೆಯ ಪಕ್ಕ ಕೂತು, ಮಾಡಿದ್ದನ್ನೆಲ್ಲ ಹೇಳಿ ಬಿಕ್ಕಿದರು. ಇಶಾಳಿಗೆ ನಗಲೂ ತ್ರಾಣವಿರಲಿಲ್ಲ. ಆದರೂ ನಕ್ಕಳು.

"ಅರಿಶಿನಾನಾ? ಓ ಮೈ ಗಾಡ್, ಅಮ್ಮಾ! ಇಟ್ಸ್ ಓಕೆ. ನೆಕ್ಸ್ಟ್ ಟೈಮ್."

ಚಟ್ನಿ ಮತ್ತೆ ಪೊರೆ ಬಿಡುವ ಹೊತ್ತಿಗೆ ಇಶಾ ಇರಲಿಲ್ಲ.

"ಇನ್ನು ಯಾರಿಗೋಸ್ಕರ, ಶಕ್ಕೂ? ಬಿಡು," ಎಂದರು ಗಂಡ ಪ್ರಹ್ಲಾದ್. ಆಂಟಿ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಸಲ ಹಾಲಿಲ್ಲ, ಅರಿಶಿನವಿಲ್ಲ. ದೇವರ ಮೇಲೆ ಸಿಟ್ಟೂ ಇತ್ತು. ಪೊರೆಯನ್ನು ಹಾಗೆಯೇ ಕವರಿಗೆ ಹಾಕಿ ಕಳಿಸಿದರು.

ಈ ಬಾರಿ ಸ್ಪಷ್ಟ ಉತ್ತರ ಬಂತು. ಆ ಗುಣ ಇದೆ. ಇಶಾ ಹೇಳಿದ್ದೇ ಸರಿ.

ಆಂಟಿ ಫೋನು ಕೆಳಗಿಟ್ಟು ಮಗಳ ಕೋಣೆಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆಗೆದರು. ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈ ಹಾಕಿ ಚಟ್ನಿಯನ್ನು ಎತ್ತಿಕೊಂಡರು. ಅದು ಮೆಲ್ಲಗೆ ಅವರ ಮುಂಗೈಗೆ ಸುತ್ತಿಕೊಂಡಿತು.

"ಎತ್ಕೊಂಡೆ ಕಣೇ," ಎಂದರು ಆಂಟಿ, ಖಾಲಿ ಮಂಚದ ಕಡೆಗೆ ತಿರುಗಿ. "ನೋಡೇ, ಎತ್ಕೊಂಡಿದೀನಿ."