ಮೊಣಕಾಲಿನ ಚಾತುರ್ಮಾಸ್ಯ

ಹೋದ ವರ್ಷ ಮಾನ್ವಿಯ ಮಠದಲ್ಲಿ ನಮ್ಮ ತಂದೆಯ ಶ್ರಾದ್ಧವನ್ನು ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಾಡಿದೆ. ಎಡ ಮೊಣಕಾಲು ಮಡಚಲು ನಿರಾಕರಿಸಿ ಆಗಲೇ ಬಹಳ ದಿನವಾಗಿತ್ತು. ಪುರೋಹಿತರು ಉದಾರಿಗಳು, “ನಡೀತದ, ನಡೀತದ” ಎಂದರು. ದೇವದುರ್ಗದಿಂದ ಬಂದಿದ್ದ ನಮ್ಮ ಸೋದರತ್ತೆ, ತಂದೆಯ ಒಬ್ಬಳೇ ತಂಗಿ, ಅಷ್ಟು ಉದಾರಿಯಲ್ಲ.

“ಪಿಂಡ ಮ್ಯಾಲಿಂದ ಇಳಿಸ್ತೀಯಲ್ಲೋ, ನಿಮ್ಮಪ್ಪ ಏನು ಬ್ಯಾಂಕಿನ ಕೌಂಟರಿಗೆ ಬಂದಾನೇನು?” ಎಂದು ಕೇಳಿ, ನಿಂತಲ್ಲೇ ತೀರ್ಪನ್ನೂ ಕೊಟ್ಟಳು: “ಬರೋ ವರ್ಷ ನೆಲಕ್ಕ ಕೂಡ್ಲಿಕ್ಕೆ ಆಗಲಿಲ್ಲಂದ್ರ ದರ್ಭಿ ತಮ್ಮನ ಕೈಗೆ ಕೊಡು.”

ತಮ್ಮ ದೇವದುರ್ಗದಲ್ಲಿ ಮಾಸ್ತರ. ಸೋದರತ್ತೆ ಇರುವುದೂ ಅವನ ಮನೆಯಲ್ಲೇ. ಅವನು ನೆಲ ನೋಡುತ್ತ ನಿಂತಿದ್ದ, ಪಟ್ಟ ಬೇಡವೆನ್ನುವ, ಆದರೆ ಕೊಟ್ಟರೆ ತಳ್ಳಿಹಾಕಲಾರದ ಯುವರಾಜನ ಹಾಗೆ. ಹಿರಿಯ ಮಗನೆಂದು ನನಗೆ ಉಳಿದಿರುವ ಅಧಿಕಾರವೆಂದರೆ ವರ್ಷಕ್ಕೊಮ್ಮೆ ಬರುವ ಈ ಒಂದು ದಿನ. ಅದನ್ನೂ ಒಂದು ಮೊಣಕಾಲಿನ ದೆಸೆಯಿಂದ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ರಾಯಚೂರಿನಲ್ಲಿ ನಾನು ತೋರಿಸಿಕೊಳ್ಳುವ ಎಲುಬಿನ ಡಾಕ್ಟರು ನನ್ನ ಮಗಳ ವಯಸ್ಸಿನವರು. ಗುಳಿಗೆ ಕೊಟ್ಟರು, ವ್ಯಾಯಾಮ ಹೇಳಿದರು, ತೂಕದ ಯಂತ್ರದ ಮೇಲೆ ನಿಲ್ಲಿಸಿ ಅದರ ಮುಳ್ಳನ್ನು ಕನಿಕರದಿಂದ ನೋಡಿದರು. ಪಥ್ಯವೇನಾದರೂ ಉಂಟೇ ಎಂದು ನಾನೇ ಕೇಳಿದೆ. ಪಥ್ಯ ಹೇಳದ ವೈದ್ಯರನ್ನು ನಮ್ಮ ಕಡೆ ಯಾರೂ ಪೂರ್ತಿ ನಂಬುವುದಿಲ್ಲ.

“ಊಟದಿಂದ ನೋವು ಹೋಗೇ ಹೋಗ್ತದ ಅಂತ ನಾ ಹೇಳಂಗಿಲ್ರೀ. ಕೆಲವ್ರಿಗೆ ಹತ್ತತದ, ಕೆಲವ್ರಿಗೆ ಇಲ್ಲ. ತೂಕ ಇಳಿದ್ರ ಮಾತ್ರ ಮೊಣಕಾಲಿಗೆ ಹಗುರ. ಬೇಕಂದ್ರ ಒಂದು ತಿಂಗಳು ಬದನಿಕಾಯಿ, ಟೊಮ್ಯಾಟೊ, ಆಲೂಗಡ್ಡಿ, ಮೆಣಸಿನಕಾಯಿ ಬಿಟ್ಟು ನೋಡ್ರಿ. ಮತ್ತ ತಿಂದು ನೋಡ್ರಿ. ಆಮ್ಯಾಲೆ ಹಾಲು, ಮೊಸರು. ಗುಳಗಿ ಮಾತ್ರ ಬಿಡಬ್ಯಾಡ್ರಿ.”

ಈ ನವೀನ ವಿಜ್ಞಾನವನ್ನು ಮನೆಗೆ ತಂದು ಹೆಂಡತಿಗೆ ಬೋಧಿಸಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ಒಂದು ತಿಂಗಳು ಕಾಯಿಪಲ್ಯಾ ಇಲ್ಲ, ಆಮ್ಯಾಲೆ ಮೊಸರಿಲ್ಲ, ಹಾಲಿಲ್ಲ. ಇದನ್ನ ಕೇಳಿ ಬರ್ಲಿಕ್ಕೆ ಫೀಸು ಕೊಟ್ರೇನು? ಮದುವಿ ಆದಾಗಿಂದ ನಿಮ್ಮ ಕಣ್ಣ ಮುಂದ ಮಾಡ್ಲಿಕ್ಕತ್ತೀನಿ. ಚಾತುರ್ಮಾಸ್ಯ ಅಂತಾರ ಅದಕ್ಕ!”

ಹೌದಲ್ಲ! ಆಷಾಢದ ಏಕಾದಶಿಯಿಂದ ನಾಲ್ಕು ತಿಂಗಳು: ಮೊದಲು ತರಕಾರಿ ವರ್ಜ್ಯ, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಬ್ಯಾಂಕಿನ ನೌಕರಿಯ ನೆಪ ಹೇಳಿ ನಾನು ಈ ವ್ರತದಿಂದ ವಿನಾಯಿತಿ ಪಡೆದಿದ್ದೆ. ನಿವೃತ್ತನಾದ ಮೇಲೂ ವಿನಾಯಿತಿಯನ್ನು ಮಾತ್ರ ನಿವೃತ್ತಿಗೊಳಿಸಿರಲಿಲ್ಲ. ಏಕಾದಶಿ ಮುಂದಿನ ವಾರವೇ ಇತ್ತು. ದೇವರನ್ನೂ ಡಾಕ್ಟರನ್ನೂ ಒಂದೇ ತಾಟಿನಲ್ಲಿ ತೃಪ್ತಿಪಡಿಸುವ ಯೋಗ ಎಲ್ಲರಿಗೂ ಸಿಗುವುದಿಲ್ಲ. ಸಂಕಲ್ಪ ಮಾಡಿಯೇ ಬಿಟ್ಟೆ.

ಮೊದಲ ತಿಂಗಳು ಹೆಸರುಬೇಳೆ, ಕಾಳುಮೆಣಸು, ಮಾವಿನಕಾಯಿ. ಸಂಜೆ ತೀನ್ ಕಂದೀಲ್ ವೃತ್ತದ ಬಂಡಿಗೆ ಹೋಗಿ ಮಂಡಕ್ಕಿ ಒಗ್ಗರಣಿ, ಜೊತೆಗೆ ಮಿರ್ಚಿ ಭಜಿ ತಿನ್ನುವುದು ನನ್ನ ನಿತ್ಯಕರ್ಮ. ಮೆಣಸಿನಕಾಯಿ ಇಲ್ಲದ ಮಿರ್ಚಿ ತಾತ್ವಿಕವಾಗಿಯೇ ಅಸಾಧ್ಯವಾದ್ದರಿಂದ ಬಂಡಿಯನ್ನು ಹಾದು ಸುಮ್ಮನೆ ನಡೆದೆ.

“ಯಾಕ್ರೀ ಸಾಹೇಬ್ರ, ನಮ್ಮ ಮ್ಯಾಲೆ ಸಿಟ್ಟಾಗೀರೇನು?” ಎಂದು ಬಂಡಿಯವನು ದಿನಾ ಕೂಗುತ್ತಿದ್ದ. ಎಣ್ಣೆಯ ವಾಸನೆ ಬೆನ್ನಟ್ಟಿದಷ್ಟೂ ನನ್ನ ನಡಿಗೆ ಚುರುಕಾಗುತ್ತಿತ್ತು. ತಿಂಗಳು ಮುಗಿಯುವ ಹೊತ್ತಿಗೆ ಮೊಣಕಾಲು ಒಂದಿಷ್ಟು ಮಡಚಿತು.

ಯಾವುದರಿಂದ ಮಡಚಿತೆಂದು ತಿಳಿಯಲು ಈಗ ಬೇರೇನನ್ನೂ ಬಿಡದೆ ಬದನೆಕಾಯಿ ತಿಂದು ನೋಡಬೇಕಿತ್ತು. ಆದರೆ ಪಂಚಾಂಗ ಯಾರ ಪರೀಕ್ಷೆಗೂ ಕಾಯುವುದಿಲ್ಲ. ಬದನೆಕಾಯಿ ಎಣ್ಣೆಗಾಯಾಗಿ ಮನೆಯೊಳಗೆ ಬಂದ ದಿನವೇ ಮೊಸರು ಹೊರಗೆ ಹೋಯಿತು.

ಆ ತಿಂಗಳು ಡಾಕ್ಟರ ಮುಂದೆ ಕೂತು, “ಮೊಸರು ಮುಟ್ಟಿಲ್ರೀ. ಬರೇ ಮಜ್ಜಿಗಿ” ಎಂದೆ.

“ಮಜ್ಜಿಗಿ ಯಾತರಿಂದ ಮಾಡ್ತಾರ್ರೀ?”

“ಮೊಸರಿನಿಂದ.”

“ಮತ್ತ?”

“ಕಡಿದ ಮ್ಯಾಲೆ ಅದು ಮೊಸರಲ್ರೀ. ಶಾಸ್ತ್ರದಾಗ ಅದಕ್ಕ ದೋಷ ಇಲ್ಲ.”

“ನಿಮ್ಮ ಮೊಣಕಾಲು ಶಾಸ್ತ್ರ ಓದೇದೇನ್ರೀ?”

ಮುಂದಿನ ತಿಂಗಳು ಹಾಲು ಹೋಗಿ ಮೊಸರು ಸಗೌರವವಾಗಿ ಮರಳುತ್ತದೆ ಎಂದು ತಿಳಿಸಿದಾಗ ಅವರು ಪೆನ್ನು ಕೆಳಗಿಟ್ಟರು. “ನಿಮ್ಮ ಪರೀಕ್ಷಾದಾಗ ಏನೂ ತಿಳಿಯಂಗಿಲ್ರೀ. ಆದ್ರ ತೂಕ ಇಳಿದದ. ಹಿಂಗಽ ನಡ್ಕೋತ ಇರ್ರಿ.”

ಸುದ್ದಿ ದೇವದುರ್ಗ ಮುಟ್ಟಿತು. ಸೋದರತ್ತೆ ಫೋನ್ ಮಾಡಿದಳು. “ಮೊಣಕಾಲಿನ ಸಲುವಾಗಿ ವ್ರತ ಹಿಡಿದ್ರ ಪುಣ್ಯ ಮೊಣಕಾಲಿಗೇ ಹೋಗ್ತದಲೇ, ನಿನಗಲ್ಲ.”

“ಅಲ್ಲೇ ಬೇಕಾಗೇದ, ಅತ್ಯಾ,” ಎಂದೆ.

ಕಾರ್ತೀಕ ಕಳೆದು ತಂದೆಯ ತಿಥಿ ಬಂತು. ಮಾನ್ವಿಯಲ್ಲಿ ತಮ್ಮ ನನಗಿಂತ ಮೊದಲೇ ಬಂದು ಮಡಿ ಉಟ್ಟು ತಯಾರಾಗಿದ್ದ. ‘ಬೇಕಾದರೆ ಇರಲಿ’ ಎಂದು ಕುರ್ಚಿಯನ್ನೂ ಹಾಕಿಸಿದ್ದ. ನಾನು ಕುರ್ಚಿಯನ್ನು ಸರಿಸಿ, ಕಂಬ ಹಿಡಿದು, ಮಣೆಯ ಮೇಲೆ ಇಳಿದೆ. ಮೊಣಕಾಲು ‘ಕಟ್’ ಎಂದದ್ದು ಪುರೋಹಿತರಿಗೂ ಕೇಳಿಸಿತು. ಮಂತ್ರ ಒಂದು ಕ್ಷಣ ನಿಂತು ಮುಂದುವರಿಯಿತು. ಸೋದರತ್ತೆ ಗೋಡೆಗೊರಗಿ ಕಣ್ಣು ಕೀಳದೆ ನೋಡುತ್ತಿದ್ದಳು. ಕಾಲು ಜೋಮು ಹಿಡಿಯಿತು, ಬೆವರು ಇಳಿಯಿತು, ಆದರೆ ಪಿಂಡಗಳನ್ನು ನೆಲದಲ್ಲಿ ಕೂತೇ ಇಟ್ಟೆ.

ಮುಗಿಯಿತು, ಏಳಿ ಎಂದರು ಪುರೋಹಿತರು. ಆಗ ಹೊಳೆಯಿತು: ಕೂಡುವುದಕ್ಕಾಗಿ ಇಷ್ಟೆಲ್ಲ ತಪಸ್ಸು ಮಾಡಿದವನು ಏಳುವುದರ ಬಗ್ಗೆ ವಿಚಾರವನ್ನೇ ಮಾಡಿರಲಿಲ್ಲ.

ತಮ್ಮ ಬಂದು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿದ. ನಾನು ಎದ್ದೆ, ಅವನು ಬಗ್ಗಿದವನು ಬಗ್ಗಿಯೇ ಉಳಿದ. “ಯಪ್ಪಾ, ನನ್ನ ಸೊಂಟ!”

ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. “ಒಬ್ಬಂವ ಕೂಡ್ಲಿಕ್ಕೆ, ಒಬ್ಬಂವ ಎಬ್ಬಸ್ಲಿಕ್ಕೆ. ಇಬ್ರೂ ಕೂಡಿ ನಮ್ಮಣ್ಣಗ ಒಬ್ಬ ಮಗ ಆದ್ರಿ. ಬರೋ ವರ್ಷನೂ ಹಿಂಗಽ ಬರ್ರಿ.”

ಊಟದ ಎಲೆಯ ಮುಂದೆ ತಮ್ಮ ಸೊಂಟ ಹಿಡಿದುಕೊಂಡು ನನ್ನತ್ತ ವಾಲಿದ. “ಅಣ್ಣಾ, ಸೊಂಟಕ್ಕ ಯಾವ ತಿಂಗಳು ಛಲೋ?”

“ಆಷಾಢ ಬರ್ಲಿ, ಹೇಳ್ತೀನಿ,” ಎಂದೆ. “ಈಗ ವಡಿ ತಿನ್ನು.”