ಬೆಂಕಿಯ ವರ್ಷ ಹೆಸರೆಲ್ಲ ಕಾಕಿಗೆ

ಮೊನ್ನೆ ಸಂಜೆ ಹಿತ್ತಲಲ್ಲಿ ಒಣಹಾಕಿದ್ದ ಹೊದೆಯುವ ಕೌದಿಯನ್ನು ಒಳಗೆ ತಂದು ಮಡಚುತ್ತಿದ್ದೆ. ಹೊಗೆಯ ವಾಸನೆ ಬಂತು. ಒಲೆಯ ಹೊಗೆಯಲ್ಲ, ಸಾಗವಾನಿಯ ಒಣ ಎಲೆ ಸುಟ್ಟ ಹೊಗೆ. ಅದರಲ್ಲೊಂದು ಕಮಟು ಇರುತ್ತದೆ. ಕಲಘಟಗಿ ಕಡೆಯ ಕಾಡಂಚಿನ ಊರುಗಳಲ್ಲಿ ಬಾಳಿದವರು ಕಣ್ಣು ಮುಚ್ಚಿಕೊಂಡು ಗುರುತು ಹಿಡಿಯುತ್ತಾರೆ. ಗುಡ್ಡದಲ್ಲಿ ಎಲ್ಲೋ ಬೆಂಕಿ ಬಿದ್ದಿತ್ತು. ಗುಡ್ಡದ ಆ ಬದಿಯ ಊರಿಗೆ ಮಗಳನ್ನು ಕೊಟ್ಟಿದ್ದೇವೆ, ನ್ಯಾಯವಾಗಿ ನನಗೆ ಮೊದಲು ಅವಳ ನೆನಪಾಗಬೇಕಿತ್ತು. ನೆನಪಾದದ್ದು ಬಾಜೂ ಮನೆಯ ಕಾಕಿ. ತೀರಿಕೊಂಡು ಇಷ್ಟು ವರ್ಷವಾದರೂ ಈ ಹೆಂಗಸು ನನ್ನ ಮಗಳಿಗಿಂತ ಮುಂದೆ ಬಂದು ನಿಲ್ಲುತ್ತಾರಲ್ಲ ಎಂದು ನನಗೆ ಸಿಟ್ಟೇ ಬಂತು...

ಕಾಕಿ ನಮಗೆ ರಕ್ತಸಂಬಂಧಿಯೇನಲ್ಲ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅಷ್ಟೆ. ನನ್ನ ಗಂಡ ಸಣ್ಣವರಿದ್ದಾಗಿನಿಂದ ಚಿಕ್ಕಮ್ಮನ ಲೆಕ್ಕದಲ್ಲಿ ಕಾಕಿ ಅನ್ನುತ್ತಿದ್ದರು. ಊರಿಗೆ ಊರೇ ಕಾಕಿ ಅನ್ನುತ್ತಿತ್ತು. ಮದುವೆಯಾಗಿ ಬಂದ ನಾನೂ ಅಂದೆ, ನನಗೆ ಹುಟ್ಟಿದ ಮಗಳೂ ಅಂದಳು. ಅವರು ಒಬ್ಬರ ಮೇಲೆ ಏರಿಹೋದವರಲ್ಲ, ಚಾಡಿ ಹೇಳಿದವರಲ್ಲ, ಕೇಳಿದವರಿಗೆ ಹೆಪ್ಪಿಗೆ ಮೊಸರು ಇಲ್ಲ ಎಂದವರಲ್ಲ. ಸ್ವಲ್ಪವಾದರೂ ಕೆಟ್ಟವರಾಗಿದ್ದರೆ ನನಗೆ ಹೊಟ್ಟೆಕಿಚ್ಚು ಪಡಲು ಎಷ್ಟೋ ಅನುಕೂಲವಾಗುತ್ತಿತ್ತು. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಆ ಕೆಲಸವನ್ನು ನಾನು ಅಷ್ಟೂ ವರ್ಷ ಬಿಡದೆ ಮಾಡಿದೆ.

ನನ್ನ ತವರು ನವಲಗುಂದದ ಕಡೆ. ಅಲ್ಲಿ ಗುಡ್ಡವಿಲ್ಲ, ಕಾಡಿಲ್ಲ, ಕಣ್ಣು ಹಾಯುವಷ್ಟು ದೂರ ಕರಿ ಎರೆ ಭೂಮಿ. ನಮಗೆ ಬೆಂಕಿ ಎಂದರೆ ಬಣವಿಗೆ ಬೀಳುವ ಬೆಂಕಿ. ಸುಗ್ಗಿ ಮುಗಿದು ಮನೆಮನೆಯ ಹಿಂದೆ ಬಣವಿ ಒಟ್ಟಿದ ಮೇಲೆ, ಗಾಳಿ ಎದ್ದ ದಿನ ಎಲ್ಲಾದರೂ ಹೊಗೆ ಕಂಡರೆ ಸಾಕು, ಹಿರಿಯರು ಓಣಿಯುದ್ದಕ್ಕೂ ಕೂಗುತ್ತ ಬರುತ್ತಿದ್ದರು: “ಒಲಿ ಆರಸ್ರಿ, ಒಲಿ ಆರಸ್ರಿ!” ಹೆಂಗಸರು ಕುದಿಯುವ ಎಸರನ್ನೂ ಇಳಿಸಿ ಒಲೆಗೆ ನೀರು ಹೊಯ್ಯುತ್ತಿದ್ದರು. ಒಂದು ಕಿಡಿ ಹಾರಿದರೆ ದನಗಳ ವರ್ಷದ ಮೇವು ಹೋಯಿತು. ಬೆಂಕಿ ಕಂಡರೆ ಒಲೆ ಆರಿಸುವುದು ನನಗೆ ಜಡೆ ಹಾಕಿಕೊಳ್ಳುವಷ್ಟೇ ಸಹಜವಾಗಿ ಬಂದ ಬುದ್ಧಿ.

ಆ ವರ್ಷ ಮಗಳು ಐದನೇ ತರಗತಿಯಲ್ಲಿದ್ದಳು. ಹೋಳಿ ಹುಣ್ಣಿಮೆ ಮುಗಿದಿತ್ತು, ಕಾಡೆಲ್ಲ ಎಲೆ ಉದುರಿಸಿಕೊಂಡು ನಿಂತಿತ್ತು. ಮೊದಲು ದೂರದಲ್ಲಿ ಬರೀ ಹೊಗೆ ಇತ್ತು. ಮರುದಿನ ಬೆಂಕಿ ಗುಡ್ಡದ ನೆತ್ತಿ ದಾಟಿ ನಮ್ಮ ಕಡೆ ಇಳಿಯತೊಡಗಿತು. ಬಿದಿರು ಪಟಾಕಿಯ ಹಾಗೆ ಸಿಡಿಯುವ ಸದ್ದು ಅಡುಗೆ ಮನೆಯ ತನಕ ಕೇಳುತ್ತಿತ್ತು. ಅರಣ್ಯದವರ ಜೀಪು ಬಂತು. ಊರ ಗಂಡಸರೆಲ್ಲ ಹಸಿ ಟೊಂಗೆ ಹಿಡಿದು ಬೆಂಕಿ ಬಡಿಯಲು, ಎಲೆ ಗುಡಿಸಿ ನೆಲ ಬರಿದು ಮಾಡಲು ಹೋದರು. ನನ್ನ ಗಂಡ ಹೋದರು, ಕಾಕಿಯ ಗಂಡ, ಮಗನೂ ಹೋದರು. ನಾನು ಒಲೆಗೆ ಒಂದು ಕೊಡ ನೀರು ಸುರಿದೆ. ಮನೆಯ ಕಾಗದಪತ್ರ, ಬಂಗಾರದ ಸರ, ಮಗಳ ಶಾಲೆಯ ಬಟ್ಟೆ, ಇದ್ದ ಎರಡು ಕೌದಿ ಎಲ್ಲ ಸೇರಿಸಿ ಗಂಟು ಕಟ್ಟಿದೆ. ಅತ್ತೆ ಆರಿದ ಒಲೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮಗಳು ನನ್ನ ಸೆರಗು ಹಿಡಿದುಕೊಂಡು ಅಳುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ಹೆದರಿಕೆಯಲ್ಲೂ ಅವಳು ನನ್ನನ್ನೇ ಹಿಡಿದುಕೊಂಡಿದ್ದಾಳೆ ಎಂಬುದು ನನಗೆ ಹಿತವಾಗಿತ್ತು.

ಗೋಡೆಯಾಚೆಯಿಂದ ನಗು ಕೇಳಿಸಿತು. ಇಣುಕಿ ನೋಡಿದರೆ ಕಾಕಿ ಕಟ್ಟೆಯ ಮೇಲೆ ಶಾವಿಗೆಯ ಮಣೆ ಹಾಕಿಕೊಂಡು ಕೂತಿದ್ದಾರೆ. ಇಬ್ಬರು ಹೆಂಗಸರು ಎಳೆಗಳನ್ನು ಕೋಲಿನ ಮೇಲೆ ಇಳಿಬಿಡುತ್ತಿದ್ದಾರೆ.

“ಕಾಕಿ, ಗುಡ್ಡ ಹೊತ್ತಿ ಉರಿಯಾಕತ್ತೈತಿ, ನೀವು ಶಾವಿಗಿ ಮಾಡ್ಕೋಂತ ಕುಂತೀರಲ್ರಿ!” ಎಂದೆ.

“ಕಣಕ ನಾದಿ ಇಟ್ಟಿದ್ದೆ ಬೇ. ಬೆಂಕಿ ಬಂತಂತ ಅದಕ್ಕೇನ್ ಗೊತ್ತು? ಬಿಟ್ರ ಹುಳಿ ಬರತೈತಿ. ಬಾ, ನೀನೂ ನಾಕು ಎಳಿ ಹೊಸಿ.”

“ನನ್ನ ಕೈ ನಡಗಾಕತ್ತಾವ್ರಿ.”

“ನಡಗಿದ್ರ ದಪ್ಪ ಆಗ್ತಾವು, ಅಷ್ಟ. ದಪ್ಪನವೂ ಉಣ್ತೀವಿ ತಗೋ.”

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಅವರ ಗಂಡ, ಮಗ ಇಬ್ಬರೂ ಬೆಂಕಿಯ ಬಾಯಲ್ಲಿದ್ದಾರೆ, ಎದೆ ಹೊಡೆದುಕೊಳ್ಳುವುದಿಲ್ಲವೇ ಈಕೆಗೆ? ಗೋಡೆ ಬಿಟ್ಟು ಬಂದು ಗಂಟಿನ ಪಕ್ಕ ಕೂತೆ. ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರು ಒಬ್ಬೊಬ್ಬರೇ ತಮ್ಮ ಗಂಟುಗಳನ್ನು ಒಳಗಿಟ್ಟು ಆ ಕಟ್ಟೆ ಏರಿದರು. ಅತ್ತೆ “ಸುಮ್ನ ನೋಡಿ ಬರ್ತೀನಿ” ಎಂದು ಹೋದವರು ಬರಲಿಲ್ಲ. ಮಗಳ ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ, ಸೆರಗು ಹಗುರವಾದದ್ದು ಗೊತ್ತಾಯಿತು. ಮತ್ತೆ ಇಣುಕಿದರೆ ಅವಳು ಕಾಕಿಯ ಮೊಣಕಾಲಿಗೆ ಒರಗಿಕೊಂಡು ಹಸಿ ಕಣಕದಲ್ಲಿ ಹಾವು ಮಾಡುತ್ತಿದ್ದಾಳೆ. ಆಗ ನನಗೆ ಗುಡ್ಡದ ಬೆಂಕಿ ಮರೆತೇ ಹೋಯಿತು. ಸುಟ್ಟ ಮನೆಯನ್ನು ಮತ್ತೆ ಕಟ್ಟಿಕೊಳ್ಳಬಹುದು. ಹೆದರಿದಾಗ ತಾಯಿಯನ್ನು ಬಿಟ್ಟು ಬಾಜೂ ಮನೆಗೆ ಓಡಿದ ಮಗಳನ್ನು ವಾಪಸು ತರುವುದು ಹೇಗೆ?

ಮಧ್ಯಾಹ್ನ ಗಂಡಸರು ಒಂದಿಷ್ಟು ಜನ ಇಳಿದು ಬಂದರು. ನಮ್ಮವರ ಹುಬ್ಬು ಸುಟ್ಟಿತ್ತು, ಅಂಗಿಯೆಲ್ಲ ಮಸಿ. ಬಂದವರೇ ಅಡುಗೆ ಮನೆಗೆ ಹೋಗಿ ನಿಂತರು.

“ಒಲಿ ಯಾಕ ಆರೈತಿ?”

“ಬೆಂಕಿ ಬಂದಾಗ ಒಲಿ ಹಚ್ಚಬಾರದ್ರಿ. ನಮ್ಮ ಕಡೆ ಎಲ್ಲಾರೂ ಮೊದಲು...”

“ನಿಮ್ಮ ಕಡೆ ಬಣವಿಗೆ ಬೀಳತೈತಿ ಬೇ. ಇಲ್ಲಿ ಗುಡ್ಡಕ್ಕ ಬಿದ್ದೈತಿ. ಮುಂಜಾನಿಂದ ಬಡದು ಬಡದು ತೋಳು ಸತ್ತಾವು. ಬಡಿಯಾವ್ರು ಏನ್ ತಿನ್ನಬೇಕು?”

ಬೈಯಲಿಲ್ಲ, ಕೂಗಲಿಲ್ಲ. ಮುಖ ತೊಳೆದುಕೊಂಡು ಸೀದಾ ಕಾಕಿಯ ಮನೆಗೆ ಹೋಗಿ ಉಂಡರು. ಅಲ್ಲಿ ದೊಡ್ಡ ಪಾತ್ರೆಯಲ್ಲಿ ಅನ್ನ, ಝುಣಕ, ಕೊಡದ ತುಂಬ ಮಜ್ಜಿಗೆ ಎಲ್ಲ ತಯಾರಿತ್ತು. ಓಣಿಯ ಗಂಡಸರೆಲ್ಲ ಅಲ್ಲೇ ಉಂಡರು. ನನ್ನ ಗಂಡ ಇನ್ನಷ್ಟು ಅನ್ನ ಕೇಳುವ ದನಿ ಗೋಡೆ ದಾಟಿ ಬರುತ್ತಿತ್ತು. ನಾನು ಬೆಂಕಿಗೆ ಹೆದರಿ ಒಲೆ ಆರಿಸಿದೆ, ಅವರು ಅದೇ ಬೆಂಕಿಗಾಗಿ ಒಲೆ ಹಚ್ಚಿದರು. ಇಬ್ಬರದೂ ನಮ್ಮ ನಮ್ಮ ಊರಿನ ಬುದ್ಧಿಯೇ. ಆದರೆ ಹಸಿದವರು ಯಾರ ಒಲೆಯನ್ನು ಹೊಗಳುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ.

ಕಾಕಿಗೆ ಇನ್ನೊಂದು ರೂಢಿ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಕೂತವರನ್ನೆಲ್ಲ ಕೇಳುತ್ತಿದ್ದರು: “ಇವತ್ತ ಏನ್ ಚೊಲೊ ಆತು, ಹೇಳ್ರಿ.” ದಿನಾ ಕೇಳುವ ಪ್ರಶ್ನೆ, ಯಾರಾದರೂ ಒಂದು ಮಾತು ಹೇಳುವುದು, ಕಾಕಿ ಶಿವನಿಗೆ ಕೈ ಮುಗಿಯುವುದು. ಅವತ್ತು ಗುಡ್ಡ ಕೆಂಪಗಿದೆ, ಹೊಗೆಗೆ ಕಣ್ಣು ಉರಿಯುತ್ತಿದೆ, ಅವತ್ತೂ ಕೇಳಿದರು. ಮಗಳನ್ನು ಕರೆದುಕೊಂಡು ಬರಲು ಹೋಗಿದ್ದ ನಾನು ಮೆಟ್ಟಿಲ ಹತ್ತಿರ ನಿಂತಿದ್ದೆ. ಒಬ್ಬಾಕೆ, ಎಮ್ಮೆ ಹೊಗೆಗೆ ಅಂಜದೆ ಹಾಲು ಕೊಟ್ಟಿತು ಎಂದಳು. ನನ್ನ ಅತ್ತೆ, ಮಗ ಗುಡ್ಡ ಇಳಿದು ಬಂದು ಹೊಟ್ಟೆ ತುಂಬ ಉಂಡ ಎಂದರು. ನನ್ನ ಮಗಳು ಎಲ್ಲರಿಗಿಂತ ಜೋರಾಗಿ, “ಇವತ್ತ ನಾ ಕಾಕಿ ಮನ್ಯಾಗ ಉಂಡೆ!” ಎಂದಳು.

“ನೀ ಹೇಳ ಬೇ,” ಎಂದರು ಕಾಕಿ ನನ್ನ ಕಡೆ ತಿರುಗಿ.

“ಏನ್ ಹೇಳ್ಲಿ? ಮನಿ ಇನ್ನೂ ಸುಟ್ಟಿಲ್ಲ, ಅಷ್ಟ,” ಎಂದೆ. ಚುಚ್ಚಲಿ ಎಂದೇ ಅಂದದ್ದು.

ಕಾಕಿ ತೊಡೆ ತಟ್ಟಿಕೊಂಡು ನಕ್ಕರು. “ನೋಡ್ರಿ, ಎಲ್ಲಾರಕಿಂತ ಖರೇದ್ದು ಇಕಿ ಹೇಳಿದ್ಲು! ಇನ್ನೂ ಸುಟ್ಟಿಲ್ಲ. ಶಿವನ, ಇದಕ್ಕ ನಿನಗ ದೊಡ್ಡ ನಮಸ್ಕಾರಪಾ.” ಎಲ್ಲರೂ ಕೈ ಮುಗಿದರು. ನಾನು ಉಗುಳಿದ ವಿಷವನ್ನೂ ಈ ಹೆಂಗಸು ಪ್ರಸಾದ ಮಾಡಿ ಹಂಚಿಬಿಟ್ಟಿದ್ದರು. ಮಗಳ ರಟ್ಟೆ ಹಿಡಿದು ಮನೆಗೆ ಎಳೆದುಕೊಂಡು ಬಂದೆ.

ಮರುದಿನ ಗಾಳಿ ತಿರುಗಿತು. ಗಂಡಸರು ಬರಿದು ಮಾಡಿದ್ದ ನೆಲವನ್ನು ಬೆಂಕಿ ದಾಟಲಿಲ್ಲ, ಆದರೆ ಉರಿಯುವ ಎಲೆಗಳು ಗಾಳಿಯಲ್ಲಿ ಹಾರಿ ಊರ ಮೇಲೆ ಬೀಳತೊಡಗಿದವು. ನಮ್ಮ ಮನೆಗಳ ಹಿಂದೆ ಓಣಿಯವರ ಭತ್ತದ ಹುಲ್ಲಿನ ಬಣವಿಗಳು ಒಂದಕ್ಕೊಂದು ತಾಗಿಕೊಂಡಿದ್ದವು, ಅವುಗಳ ಪಕ್ಕದಲ್ಲೇ ದನದ ಕೊಟ್ಟಿಗೆ. ಹೆಂಗಸರು ಕೊಡದಿಂದ ನೀರು ಎರಚಿದರು. ಬಣವಿಯ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ, ಹುಲ್ಲಿನ ಮೇಲಿಂದ ಜಾರಿ ಕೆಳಗೆ ಹೋಗುತ್ತದೆ. ಇದು ಕಾಡಿನ ಜನಕ್ಕೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

“ಕೌದಿ ತರ್ರಿ! ನೀರಾಗ ಅದ್ದಿ ತರ್ರಿ!” ಎಂದು ಕೂಗಿ ಏಣಿ ಹಾಕಿ ನಾನೇ ಬಣವಿ ಏರಿದೆ. ನಮ್ಮ ಕೌದಿಗಳು ಆ ದರಿದ್ರ ಗಂಟಿನ ತಳದಲ್ಲಿದ್ದವು. ಕಾಕಿ ಒಂದು ಮಾತು ಕೇಳದೆ ತಮ್ಮ ಮನೆಯ ಕೌದಿಗಳನ್ನೆಲ್ಲ ತಂದು ದನದ ನೀರಿನ ಬಾನಿಯಲ್ಲಿ ಅದ್ದಿದರು. ಮಗನ ಲಗ್ನಕ್ಕೆಂದು ಹೊಲಿದು ಇಟ್ಟಿದ್ದ ಹೊಸ ಕೌದಿಯನ್ನೂ ಬಿಡಲಿಲ್ಲ. ಎಲ್ಲರೂ ಸೇರಿ ಎತ್ತಿ ಕೊಟ್ಟರು, ನಾನು ಒಂದು ಬಣವಿಯಿಂದ ಇನ್ನೊಂದಕ್ಕೆ ದಾಟುತ್ತ ಹಾಸಿದೆ. ಕಿಡಿ ಬಿದ್ದಲ್ಲಿ ಚುಯ್ ಎಂದು ಆರಿಹೋಯಿತು. ಸಂಜೆಗೆ ಗಾಳಿ ಇಳಿಯಿತು. ಹುಲ್ಲು ಉಳಿಯಿತು, ಕೊಟ್ಟಿಗೆ ಉಳಿಯಿತು, ಓಣಿ ಉಳಿಯಿತು. ನಾನು ಕೆಳಗಿಳಿದಾಗ ಮೊಣಕೈ ಸುಲಿದಿತ್ತು, ಸೀರೆ ತೊಯ್ದು ಮೈಗೆ ಅಂಟಿತ್ತು. ಇವತ್ತಾದರೂ ನನಗೆ ಹೆಸರು ಬಂತು ಎಂದು ಒಳಗೊಳಗೇ ಹಿಗ್ಗಿದ್ದೆ.

ಓಣಿ ಏನಂದಿತು ಗೊತ್ತೆ? “ಕಾಕಿ ಕೌದಿ ಊರು ಉಳಿಸಿದ್ವು.”

ಕಾಕಿ ಸುಮ್ಮನಿರಲಿಲ್ಲ. ಅನ್ಯಾಯ ಹೇಳಬಾರದು, ಬಂದವರಿಗೆಲ್ಲ ಹೇಳಿದರು. “ನನ್ನ ಕೌದಿ ಬರೇ ತೊಯ್ದ್ವು. ಬಣವಿ ಏರಿದಾಕಿ ಇಕಿ. ಈ ವಿದ್ಯಾ ಇಕಿ ತವರ‍್ಮನೀದು. ನಮಗ ಯಾರಿಗೆ ಗೊತ್ತಿತ್ತು?” ಅದನ್ನು ಕೇಳಿದವರು ನನ್ನ ಕಡೆ ನೋಡಲೂ ಇಲ್ಲ. “ತಮ್ಮ ಹೊಸಾ ಕೌದಿ ಸುಟ್ಟು ತೂತು ಬಿದ್ರೂ ಮಂದಿಗೆ ಹೆಸರು ಕೊಡ್ತಾರ. ಎಂಥಾ ದೊಡ್ಡ ಮನಸ್ಸು ನೋಡ್ರಿ ಕಾಕೀದು!” ಎಂದರು. ಅವರು ನನಗೆ ಕೊಟ್ಟ ಹೆಸರೂ ತಿರುಗಿ ಅವರಿಗೇ ಹೋಗಿ ಸೇರಿತು. ಅವತ್ತು ನಾನು ಹಿತ್ತಲಲ್ಲಿ ಒಬ್ಬಳೇ ನಿಂತು ಕಣ್ಣೀರು ಹಾಕಿದೆ. ಊರು ಉಳಿದ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ಅತ್ತೆಯವರು ತಲೆ ಸವರಿದರು.

ಆಮೇಲೆ ಕಾಕಿ ತೂತು ಬಿದ್ದ ಕೌದಿಗಳಿಗೆ ತೇಪೆ ಹಾಕಿ ಒಂದನ್ನು ನನ್ನ ಮಗಳಿಗೆ ಕೊಟ್ಟರು. ಎಷ್ಟು ಒಗೆದರೂ ಅದರ ಹೊಗೆಯ ವಾಸನೆ ಹೋಗಲಿಲ್ಲ. ಅದಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ನಾನು ಅದನ್ನು ಎರಡು ಸಲ ಟ್ರಂಕಿನ ತಳಕ್ಕೆ ಹಾಕಿದೆ, ಎರಡು ಸಲವೂ ಅವಳು ಹುಡುಕಿ ತೆಗೆದಳು...

ಮಗಳ ಲಗ್ನದ ಹಿಂದಿನ ವರ್ಷ ಕಾಕಿ ತೀರಿಕೊಂಡರು. ಮುಂಜಾನೆ ಕಸ ಹೊಡೆದು, ಚಹಾ ಕುಡಿದು, ಗೋಡೆಗೆ ಒರಗಿ ಕೂತವರು ಏಳಲಿಲ್ಲ. ಯಾರ ಕೈಲೂ ಒಂದು ದಿನ ಸೇವೆ ಮಾಡಿಸಿಕೊಳ್ಳಲಿಲ್ಲ ಎಂದು ಊರು ಅದಕ್ಕೂ ಹೊಗಳಿತು. ಮಗಳು ಹಾಸ್ಟೆಲಿನಿಂದ ಬಂದು ಅವರ ಕಾಲು ಹಿಡಿದುಕೊಂಡು ಅತ್ತಳು. ನನ್ನ ಸ್ವಂತ ತಾಯಿ ಸತ್ತಾಗ ಅವಳು ಅಷ್ಟು ಅತ್ತಿರಲಿಲ್ಲ. ಹೆಣದ ಮುಂದೆ ನಿಂತು ನಾನು ಯೋಚಿಸುತ್ತಿದ್ದದ್ದು, ನಾನು ಹೋದರೆ ಈ ಹುಡುಗಿ ಇಷ್ಟು ಅಳುತ್ತಾಳೆಯೇ ಎಂದು. ನಾಚಿಕೆಯಿಲ್ಲದ ಮನಸ್ಸು. ಆದರೆ ಇದ್ದದ್ದು ಅದೇ.

ಮೊನ್ನೆ ಕೌದಿ ಮಡಚಿಟ್ಟ ಮೇಲೆ ಮಗಳಿಗೆ ಫೋನು ಮಾಡಿದೆ. ಎತ್ತಿದವರು ಅಳಿಯಂದಿರು. ಅವರು ಕಾಕಿಯನ್ನು ನೋಡಿದವರಲ್ಲ.

“ಗಾಬರಿ ಆಗಬ್ಯಾಡ್ರಿ ಅತ್ತಿ. ಎರಡು ದಿನಾ ಭಾಳ ಜೋರಿತ್ತು, ಈಗ ಬೆಂಕಿ ಹಳ್ಳದ ಆಚಿಗೇ ನಿಂತೈತಿ,” ಎಂದರು. ಆಮೇಲೆ ದನಿ ತಗ್ಗಿಸಿ, “ನಿಮ್ಮ ಮಗಳು ಏನ್ ಗಟ್ಟಿ ಮನಷ್ಯಾಳ್ರಿ! ನಮ್ಮವ್ವ, ನಮ್ಮ ವೈನಿ ಎಲ್ಲಾರೂ ಅತಗೋಂತ ಸಾಮಾನು ಕಟ್ಟಾಕತ್ತಿದ್ರು. ಇಕಿ ಅವರನ್ನೆಲ್ಲಾ ಕೂಡಿಸಿಕೊಂಡು ರೊಟ್ಟಿ ಬಡಸಿದ್ಲು, ನಗಿಸಿದ್ಲು, ಬೆಂಕಿ ಬಡಿಯಾವ್ರಿಗೆಲ್ಲಾ ಬುತ್ತಿ ಕಳಿಸಿದ್ಲು. ತಾಯಿ ಎಂಥಾಕಿ ಇರಬೇಕು ಇಂಥಾ ಮಗಳನ್ನ ಬೆಳಸ್ಯಾಳ ಅಂತ ನಮ್ಮವ್ವ ಊರ ತುಂಬಾ ಹೇಳಾಕತ್ತಾಳ್ರಿ.”

ಹಿಂದಿನಿಂದ ಮಗಳ ನಗು ಕೇಳುತ್ತಿತ್ತು. ಯಾರಿಗೋ ಬಡಿಸುತ್ತಿದ್ದಳೆಂದು ತೋರುತ್ತದೆ.

ಇಲ್ರಿ, ಅದನ್ನು ಕಲಿಸಿದಾಕೆ ನಾನಲ್ಲ, ಬಾಜೂ ಮನೆಯ ಕಾಕಿ ಎಂದು ಹೇಳಬೇಕಿತ್ತು. ಕಾಕಿಯಾಗಿದ್ದರೆ ಅಳಿಯಂದಿರ ಮಾತು ಮುಗಿಯುವ ಮೊದಲೇ ಹೇಳುತ್ತಿದ್ದರು. ನನ್ನ ನಾಲಿಗೆಯ ತುದಿಯ ತನಕವೂ ಬಂದಿತ್ತು.

“ಹೌದ್ರಿ, ಸಣ್ಣಾಕಿ ಇದ್ದಾಗಿಂದ ಹಂಗ ಬೆಳಸೇನ್ರಿ,” ಎಂದೆ.

ಫೋನಿಟ್ಟು ಕಾಕಿಯ ಮನೆಯ ಕಡೆಗಿನ ಗೋಡೆಯತ್ತ ನೋಡಿದೆ. ಅಷ್ಟು ವರ್ಷ ಬೇಡಿಕೊಂಡಿದ್ದ ಹೆಸರು ಕಡೆಗೂ ನನಗೇ ಬಂತು. ಆದರೆ ಕಾಕಿ ಇಲ್ಲವೆಂದೇ ಬಂತು.